ಲೂಪಸ್ ಇರುವವರ ದಿನಚರಿ ಮತ್ತು ನಮ್ಮ ಬೋಧನಾಭ್ಯಾಸ

ಬೋಧನಾಭ್ಯಾಸದ ಅವಧಿಯಲ್ಲಿ ಮೇಲ್ವಿಚಾರಕರಾದ ನಾವು ತುಂಬುವ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ, ವಿಷಯ ನಿರೂಪಣೆ, ಪ್ರಶ್ನಿಸುವ ಕೌಶಲ, ಕಪ್ಪು ಹಲಗೆ ಕಾರ್ಯ, ಧ್ವನಿ, ತರಗತಿಯೊಳಗಿನ ಚಲನವಲನ, ಮುಕ್ತಾಯ ಮುಂತಾದ ಅಂಶಗಳಿರುತ್ತವೆ. ಇವುಗಳಲ್ಲಿ ಹಲವು ಅಂಶಗಳು ಪಾಠ ಮಾಡುವವರ ದೇಹ ಆ ಹೊತ್ತಿನಲ್ಲಿ ಎಷ್ಟು ಸಹಕರಿಸುತ್ತದೆ ಎಂಬುದನ್ನು ಅವಲಂಬಿಸಿವೆ. ಹೆಚ್ಚಿನ ಪ್ರಶಿಕ್ಷಣಾರ್ಥಿಗಳ ವಿಷಯದಲ್ಲಿ ಇದನ್ನು ಯೋಚಿಸುವ ಅಗತ್ಯ ಬೀಳುವುದಿಲ್ಲ. ನಿನ್ನೆ ಸರಾಗವಾಗಿ ಬರೆದ ಬೆರಳು ಇಂದು ಸೀಮೆಸುಣ್ಣ ಹಿಡಿಯಲಾರದಂಥ ಕಾಯಿಲೆ ಇರುವವರು ಬಂದಾಗ ಮಾತ್ರ ಪ್ರಶ್ನೆ ಏಳುತ್ತದೆ: ನಮ್ಮ ನಮೂನೆ ಆ ದಿನ ಅಳೆದದ್ದು ಬೋಧನಾ ಕೌಶಲವನ್ನೋ, ನೋವನ್ನೋ?

ಅಂಥ ಕಾಯಿಲೆಗಳಲ್ಲಿ ಲೂಪಸ್ ಒಂದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಶಾಲೆಗಳಿಗೆ ಪಾಠ ವೀಕ್ಷಣೆಗೆ ಹೋಗುವ ನನಗೆ ಈ ಕಾಯಿಲೆ ಇರುವ ಒಬ್ಬ ಪ್ರಶಿಕ್ಷಣಾರ್ಥಿ ಮತ್ತು 9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ ಸಿಕ್ಕಿದ್ದಾರೆ. ಪ್ರಶಿಕ್ಷಣಾರ್ಥಿಯ ಒಪ್ಪಿಗೆ ಮತ್ತು ವಿದ್ಯಾರ್ಥಿನಿಯ ಪಾಲಕರ ಒಪ್ಪಿಗೆ ಪಡೆದು, ಹೆಸರು ಮತ್ತು ಊರು ಬಿಟ್ಟು, ಅವರಿಂದ ತಿಳಿದದ್ದನ್ನು ಇಲ್ಲಿ ಬಳಸಿಕೊಂಡಿದ್ದೇನೆ. ಲೂಪಸ್ ಇರುವವರ ಬದುಕಿನ ಗುಣಮಟ್ಟ ಔಷಧಿಯಿಂದಷ್ಟೇ ನಿರ್ಧಾರವಾಗುವುದಿಲ್ಲ. ಅವರ ದಿನದ ಕೆಲಸವನ್ನು ಹೇಗೆ ಜೋಡಿಸಲಾಗಿದೆ ಎಂಬುದೂ ಅದನ್ನು ನಿರ್ಧರಿಸುತ್ತದೆ. ಬೋಧನಾಭ್ಯಾಸದ ದಿನವನ್ನು ಜೋಡಿಸುವವರು ನಾವೇ ಆದ್ದರಿಂದ ಈ ವಿಷಯ ನಮಗೆ ಸಂಬಂಧಿಸಿದ್ದು.

ಲೂಪಸ್ ಎಂದರೇನು?

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಹೊರಗಿನಿಂದ ಬರುವ ರೋಗಾಣುಗಳನ್ನು ಗುರುತಿಸಿ ಹೊಡೆಯುತ್ತದೆ. ಲೂಪಸ್‌ನಲ್ಲಿ ಅದು ದೇಹದ ಸ್ವಂತ ಜೀವಕೋಶಗಳ ಮೇಲೆಯೇ ಎರಗುತ್ತದೆ. ಹೀಗಾಗಿ ಚರ್ಮ, ಕೀಲು, ಮೂತ್ರಪಿಂಡ, ರಕ್ತ, ಶ್ವಾಸಕೋಶದ ಹೊದಿಕೆ, ಮೆದುಳು ಹೀಗೆ ಯಾವ ಅಂಗದಲ್ಲಾದರೂ ಉರಿಯೂತ ಕಾಣಿಸಬಹುದು. ಪೂರ್ಣ ಹೆಸರು ಸಿಸ್ಟಮಿಕ್ ಲೂಪಸ್ ಎರಿಥೆಮಟೋಸಸ್. ವೈದ್ಯರು ಚಿಕ್ಕದಾಗಿ ಎಸ್‌ಎಲ್‌ಇ ಎನ್ನುತ್ತಾರೆ. ಲೂಪಸ್ ಎಂಬುದು ತೋಳ ಎಂಬ ಅರ್ಥದ ಲ್ಯಾಟಿನ್ ಪದ. ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಬೆಂಚಿನಲ್ಲಿ ಕೂತರೂ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಸಾಮಾನ್ಯ ಲಕ್ಷಣಗಳು ಹೀಗಿವೆ: ವಿಶ್ರಾಂತಿಯಿಂದಲೂ ತೀರದ ದಣಿವು, ಕೀಲುನೋವು, ಬೆಳಗಿನ ಹೊತ್ತು ಬೆರಳುಗಳು ಬಿಗಿಯುವುದು, ಕಾರಣ ತಿಳಿಯದ ಜ್ವರ, ಬಾಯಿಹುಣ್ಣು, ಕೂದಲು ಉದುರುವುದು, ಬಿಸಿಲಿಗೆ ಹೋದರೆ ಚರ್ಮ ಕೆಂಪಾಗುವುದು. ಕೆಲವರಿಗೆ ಮೂಗಿನ ಮೇಲಿಂದ ಎರಡೂ ಕೆನ್ನೆಗಳಿಗೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಹರಡುತ್ತದೆ. ನಮ್ಮ ಕಡೆ ಇದನ್ನು ‘ಬಂಗು’ ಎಂದೋ ‘ಬಿಸಿಲು ತಾಗೈತಿ’ ಎಂದೋ ಸುಮ್ಮನಾಗುವುದು ಸುಲಭ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಮನೆಗಳಲ್ಲಿ ಬೆರಳುನೋವನ್ನು ಕೆಲಸದ ನೋವೆಂದೇ ತಿಳಿಯಬಹುದು. ರೋಗ ಗುರುತಾಗಲು ತಡವಾಗುವುದಕ್ಕೆ ಇಂಥ ಸಹಜ ವಿವರಣೆಗಳೂ ಕಾರಣ.

ರೋಗ ಪೀಡಿತರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಮಹಿಳೆಯರು. ಹೆಚ್ಚಿನವರಲ್ಲಿ ಇದು 15ರಿಂದ 45ರ ವಯಸ್ಸಿನೊಳಗೆ ಶುರುವಾಗುತ್ತದೆ. ದೆಹಲಿ ಸಮೀಪದ ಗ್ರಾಮೀಣ ಪ್ರದೇಶದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲಕ್ಷ ಜನರಲ್ಲಿ ಸುಮಾರು 3 ಮಂದಿಗೆ ಲೂಪಸ್ ಇದೆ ಎಂದು ಅಂದಾಜಿಸಿತ್ತು. ಇಷ್ಟು ವಿರಳವಾದ ಕಾಯಿಲೆಗೆ ನಮ್ಮ ಪತ್ರಿಕೆಯಲ್ಲಿ ಇಷ್ಟು ಜಾಗ ಯಾಕೆ ಎಂದು ಯಾರಾದರೂ ಕೇಳಬಹುದು. ನಮ್ಮ ಬಿ.ಇಡಿ. ಮತ್ತು ಡಿ.ಇಎಲ್.ಇಡಿ. ತರಗತಿಗಳಲ್ಲಿ ಕೂತವರ ಪಟ್ಟಿ ನೋಡಿ: ಬಹುಪಾಲು ಹೆಣ್ಣುಮಕ್ಕಳು, ಅದೇ ವಯಸ್ಸಿನವರು. ಅದೂ ಅಲ್ಲದೆ ಲೂಪಸ್‌ಗಾಗಿ ಮಾಡುವ ಜೋಡಣೆ ರುಮಟಾಯ್ಡ್ ಕೀಲುವಾತ, ತೀವ್ರ ರಕ್ತಹೀನತೆ, ಕುಡಗೋಲು ಕಣ ರೋಗ ಇರುವವರಿಗೂ ಉಪಯೋಗಕ್ಕೆ ಬರುತ್ತದೆ. ನಟಿ ಸಮಂತಾ 2022ರಲ್ಲಿ ತಮಗೆ ಮಯೋಸೈಟಿಸ್ ಇದೆ ಎಂದು ತಿಳಿಸಿದಾಗ ಆ ಹೆಸರನ್ನು ನಮ್ಮಲ್ಲಿ ಅನೇಕರು ಮೊದಲ ಸಲ ಕೇಳಿದರು. ಅದೂ ಇದೇ ಗುಂಪಿಗೆ ಸೇರಿದ, ಸ್ನಾಯುಗಳನ್ನು ಕಾಡುವ ಕಾಯಿಲೆ.

ವೈದ್ಯರ ಲೆಕ್ಕ, ರೋಗಿಯ ಲೆಕ್ಕ

1950ರ ದಶಕದಲ್ಲಿ ಲೂಪಸ್ ಪತ್ತೆಯಾದ ಮೇಲೆ ಐದು ವರ್ಷ ಬದುಕುವವರು ಸುಮಾರು ಅರ್ಧದಷ್ಟು ಮಂದಿ ಮಾತ್ರ. ಸ್ಟಿರಾಯ್ಡ್, ಹೈಡ್ರಾಕ್ಸಿಕ್ಲೋರೋಕ್ವಿನ್, ರೋಗನಿರೋಧಕ ಶಕ್ತಿಯನ್ನು ಹತೋಟಿಯಲ್ಲಿಡುವ ಇತರ ಔಷಧಿಗಳು ಬಂದ ಮೇಲೆ, ಸರಿಯಾದ ಚಿಕಿತ್ಸೆ ದೊರೆತಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ. ಹೀಗಾಗಿ ಉಳಿಯುತ್ತಾರೋ ಇಲ್ಲವೋ ಎಂಬ ಹಳೆಯ ಪ್ರಶ್ನೆಯ ಜಾಗಕ್ಕೆ ಮುಂದಿನ 30-40 ವರ್ಷ ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆ ಬಂದಿದೆ.

ರೋಗ ಎಷ್ಟು ಚುರುಕಾಗಿದೆ ಎಂದು ತಿಳಿಯಲು ವೈದ್ಯರು ಸ್ಲೆಡಾಯ್ ಎಂಬ 24 ಅಂಶಗಳ ಅಳತೆಯನ್ನು ಬಳಸುತ್ತಾರೆ. ಮೂತ್ರದಲ್ಲಿ ಪ್ರೋಟೀನ್, ಕೀಲು ಬಾವು, ಚರ್ಮದ ಕೆಂಪು, ರಕ್ತಕಣಗಳ ಇಳಿಕೆ ಇತ್ಯಾದಿ ಅದರಲ್ಲಿ ಬರುತ್ತವೆ. ರೋಗಿಗಳು ಎಲ್ಲಕ್ಕಿಂತ ಹೆಚ್ಚಾಗಿ ಹೇಳಿಕೊಳ್ಳುವ ದಣಿವು ಅದರಲ್ಲಿ ಇಲ್ಲ. ಹಾಗಾಗಿ ರಕ್ತಪರೀಕ್ಷೆಯ ವರದಿ ಚೆನ್ನಾಗಿದ್ದ ದಿನವೂ ಒಬ್ಬರು ಮಂಚ ಬಿಟ್ಟು ಏಳಲಾರದಿರಬಹುದು. ಈ ಎರಡು ಲೆಕ್ಕಗಳು ಒಂದಕ್ಕೊಂದು ಸರಿಯಾಗಿ ತಾಳೆಯಾಗುವುದಿಲ್ಲ ಎಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಅದಕ್ಕಾಗಿ ರೋಗಿಯನ್ನೇ ಕೇಳಿ ತುಂಬಿಸುವ ಪ್ರಶ್ನಾವಳಿಗಳು ಹುಟ್ಟಿದವು. ಎಸ್‌ಎಫ್-36 ಎಲ್ಲ ಕಾಯಿಲೆಗಳಿಗೂ ಬಳಸುವಂಥದು. ಇಂಗ್ಲೆಂಡಿನಲ್ಲಿ ಸಿದ್ಧವಾಗಿ 2007ರಲ್ಲಿ ಪ್ರಕಟವಾದ ‘ಲೂಪಸ್ ಕ್ಯೂಓಎಲ್’ ಈ ಕಾಯಿಲೆಗೆಂದೇ ಮಾಡಿದ್ದು. ಅದರಲ್ಲಿ 34 ಪ್ರಶ್ನೆಗಳು, 8 ವಿಭಾಗಗಳು ಇವೆ. ವಿಭಾಗಗಳನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ದೈಹಿಕ ಕೆಲಸ, ನೋವು, ಮುಂದಿನದನ್ನು ಯೋಜಿಸುವುದು, ದಾಂಪತ್ಯದ ಆಪ್ತತೆ, ಇತರರಿಗೆ ಹೊರೆಯಾಗಿದ್ದೇನೆಂಬ ಭಾವನೆ, ಮನಸ್ಸಿನ ಆರೋಗ್ಯ, ತನ್ನ ರೂಪದ ಬಗೆಗಿನ ಭಾವನೆ, ದಣಿವು.

ಶಿಕ್ಷಕರಾದ ನಮಗೆ ಇವುಗಳಲ್ಲಿ ‘ಯೋಜಿಸುವುದು’ ಮತ್ತು ‘ಹೊರೆ’ ಎಂಬ ಎರಡು ವಿಭಾಗಗಳು ಮುಖ್ಯ. ನಾಳೆ ಬೆಳಿಗ್ಗೆ ಹೇಗಿರುತ್ತೇನೆ ಎಂದು ಇಂದು ಹೇಳಲಾಗದವರಿಗೆ ಘಟಕ ಯೋಜನೆ, ಪಾಠಯೋಜನೆ, ದಿನಾಂಕ ನಿಗದಿಯಾದ ಟೀಕಾ ಪಾಠ ಎಲ್ಲವೂ ಆತಂಕದ ವಿಷಯಗಳೇ. ಪದೇ ಪದೇ ರಜೆ ಕೇಳುವಾಗ, ಗೆಳತಿಯರಿಂದ ಚಾರ್ಟು ಬರೆಸಿಕೊಳ್ಳುವಾಗ ಹೊರೆಯಾದೆನೆಂಬ ಭಾವನೆ ಬೆಳೆಯುತ್ತದೆ. ನಾನು ಹೇಳಿದ ಪ್ರಶಿಕ್ಷಣಾರ್ಥಿ ಮೊದಲ ವರ್ಷದಲ್ಲಿ ಕೋರ್ಸು ಬಿಡುವ ಯೋಚನೆ ಮಾಡಿದ್ದು ಕೀಲುನೋವಿಗಿಂತ ಹೆಚ್ಚಾಗಿ ಈ ಭಾವನೆಯಿಂದ. “ನಂದರ ಸರಿ ಸರ್, ಉಳದವ್ರಿಗೆ ಯಾಕ ತ್ರಾಸ ಕೊಡೂದ್ರಿ?” ಎಂಬುದು ಅವರ ಮಾತು.

ಹನ್ನೆರಡು ಕಡಲೆಕಾಳಿನ ಚಟುವಟಿಕೆ

ಅಮೆರಿಕದ ಕ್ರಿಸ್ಟೀನ್ ಮಿಸರ್‌ಆಂಡಿನೋ ಎಂಬ ಲೂಪಸ್ ಪೀಡಿತೆ, ತನಗೆ ಹೇಗೆ ಅನ್ನಿಸುತ್ತದೆ ಎಂದು ಕೇಳಿದ ಗೆಳತಿಗೆ ಹೋಟೆಲಿನ ಮೇಜಿನ ಮೇಲಿದ್ದ ಚಮಚಗಳನ್ನು ಕೈಗಿತ್ತು ವಿವರಿಸಿದ್ದನ್ನು 2003ರಲ್ಲಿ ಬರೆದರು. ಪ್ರತಿ ಕೆಲಸಕ್ಕೂ ಒಂದು ಚಮಚ ಹೋಗುತ್ತದೆ. ಚಮಚ ಮುಗಿದರೆ ದಿನ ಮುಗಿಯಿತು. ಈ ಹೋಲಿಕೆ ಜಗತ್ತಿನಾದ್ಯಂತ ಬಳಕೆಗೆ ಬಂದಿದೆ. ನಾನು ಇದನ್ನು ನಮ್ಮ ತರಗತಿಗೆ ಕಡಲೆಕಾಳಿನ ಚಟುವಟಿಕೆಯಾಗಿ ಮಾಡಿಕೊಂಡಿದ್ದೇನೆ. ಒಳಗೊಳ್ಳುವ ಶಿಕ್ಷಣದ ಪತ್ರಿಕೆ ಬೋಧಿಸುವವರು 40 ನಿಮಿಷದಲ್ಲಿ ಇದನ್ನು ಮಾಡಿಸಬಹುದು.

ಪ್ರತಿ ಪ್ರಶಿಕ್ಷಣಾರ್ಥಿಗೆ 12 ಕಾಳು ಕೊಡಿ. ಬೋಧನಾಭ್ಯಾಸದ ಒಂದು ದಿನವನ್ನು ಬೆಳಗಿನಿಂದ ಹೇಳುತ್ತ ಹೋಗಿ. ಎದ್ದು ಸ್ನಾನ: 1 ಕಾಳು. ರೊಟ್ಟಿ ಬಡಿದು ಬುತ್ತಿ ಕಟ್ಟುವುದು: 2. ನಿಂತುಕೊಂಡೇ ಬಸ್ ಪ್ರಯಾಣ: 2. ಬಸ್ ಇಳಿದು ಶಾಲೆಗೆ ಬಿಸಿಲಲ್ಲಿ ನಡಿಗೆ: 1. ಬಯಲಲ್ಲಿ ಪ್ರಾರ್ಥನೆ: 1. ಒಂದರ ಹಿಂದೊಂದು ಎರಡು ಪಾಠ: 4. ಮರಳಿ ನಿಂತು ಪ್ರಯಾಣ: 2. ಒಟ್ಟು 13. ಊರು ಮುಟ್ಟುವ ಮೊದಲೇ ಒಂದು ಕಾಳು ಸಾಲ. ರಾತ್ರಿ ಅಡುಗೆ, ನಾಳೆಯ ಪಾಠಯೋಜನೆ ಇನ್ನೂ ಬಾಕಿ. ಇಲ್ಲಿಗೆ ಬರುವಾಗ ತರಗತಿ ತಾನಾಗಿಯೇ ಚರ್ಚೆಗೆ ಇಳಿಯುತ್ತದೆ. “ರೊಟ್ಟಿ ಅವ್ವ ಬಡೀಲಿ” ಎಂದು ಒಬ್ಬರು ಹೇಳಿದರೆ, ಮದುವೆಯಾದವರು “ನಮ್ಮನ್ಯಾಗ ಯಾರು ಬಡೀಬೇಕ್ರಿ?” ಎನ್ನುತ್ತಾರೆ.

ಆಮೇಲೆ ಅದೇ ದಿನವನ್ನು ಮರುಜೋಡಿಸಲು ಹೇಳಿ. ಸ್ನಾನ 1, ರೊಟ್ಟಿ 2 ಹಾಗೇ ಇರಲಿ. ಸೀಟು ಸಿಗುವ ಬಸ್ ಇರುವ, ನಿಲ್ದಾಣಕ್ಕೆ ಹತ್ತಿರದ ಶಾಲೆಯನ್ನು ಕೊಟ್ಟರೆ ಹೋಗಿ ಬರಲು 2, ನಡಿಗೆಗೆ ಏನೂ ಇಲ್ಲ. ಪ್ರಾರ್ಥನೆಗೆ ವರಾಂಡದ ನೆರಳಲ್ಲಿ ಕುರ್ಚಿ ಹಾಕಿದರೆ ಏನೂ ಇಲ್ಲ. ಎರಡು ಪಾಠಗಳ ನಡುವೆ ಒಂದು ಪಿರಿಯಡ್ ಬಿಡುವು ಇದ್ದರೆ ಪಾಠಕ್ಕೆ 3. ಒಟ್ಟು 8. ಉಳಿದ 4 ಕಾಳು ರಾತ್ರಿಯ ಅಡುಗೆಗೂ ಪಾಠಯೋಜನೆಗೂ ಸಾಕು. ಕಾಳಿನ ಸಂಖ್ಯೆ ಕಲಿಸಲು ಮಾಡಿಕೊಂಡದ್ದೇ ಹೊರತು ವೈದ್ಯಕೀಯ ಅಳತೆಯಲ್ಲ. ಆದರೆ ಅದೇ ಇಬ್ಬರು ವಿದ್ಯಾರ್ಥಿಗಳು, ಅದೇ ಎರಡು ಪಾಠಗಳು ಎನ್ನುವಂತೆ ಪಾಠದ ಸಂಖ್ಯೆಯಲ್ಲಿ ಒಂದೂ ಕಡಿಮೆ ಮಾಡದೆ ದಿನ ಸಾಗುವಂತಾಯಿತು ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಕೈಯಲ್ಲಿ ಹಿಡಿದು ನೋಡುತ್ತಾರೆ.

ಶಕ್ತಿಯನ್ನು ಹೀಗೆ ಹಂಚಿಕೊಂಡು ದೊಡ್ಡ ಕೆಲಸ ಮಾಡಿದವರಿದ್ದಾರೆ. ಅಮೆರಿಕದ ಕಥೆಗಾರ್ತಿ ಫ್ಲ್ಯಾನರಿ ಓ’ಕಾನರ್ ಅವರ ತಂದೆ ಲೂಪಸ್‌ನಿಂದ 1941ರಲ್ಲಿ ತೀರಿಕೊಂಡರು. ಅವರಿಗೂ ಇಪ್ಪತ್ತೈದರ ಆಸುಪಾಸಿನಲ್ಲಿ ಅದೇ ಕಾಯಿಲೆ ಬಂತು. ಜಾರ್ಜಿಯಾದ ಹೊಲಮನೆಯಲ್ಲಿ, ಊರುಗೋಲು ಹಿಡಿದು ನಡೆಯುತ್ತ, ಪ್ರತಿದಿನ ಬೆಳಗಿನ ಕೆಲವು ತಾಸುಗಳನ್ನು ಬರವಣಿಗೆಗೆ ಮೀಸಲಿಟ್ಟು ಉಳಿದ ಹೊತ್ತು ವಿಶ್ರಾಂತಿ ಪಡೆದರು. 1964ರಲ್ಲಿ 39ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಆ ದೇಶದ ಪ್ರಮುಖ ಕಥೆಗಾರರಲ್ಲಿ ಒಬ್ಬರಾಗಿದ್ದರು. ಅವರ ಕೆಲಸಕ್ಕೆ ಹೊತ್ತು ನಿಗದಿ ಮಾಡುವ ಅಧಿಕಾರ ಅವರ ಕೈಯಲ್ಲೇ ಇತ್ತು. ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಆ ಅಧಿಕಾರ ಇಲ್ಲ. ವೇಳಾಪಟ್ಟಿ ನಮ್ಮ ಕೈಯಲ್ಲಿದೆ.

ನಮ್ಮ ತಾಲ್ಲೂಕುಗಳ ದಿನ

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಲೂಪಸ್ ಇರುವ ಅನೇಕರಲ್ಲಿ ಚರ್ಮವನ್ನಷ್ಟೇ ಅಲ್ಲ, ಒಳಗಿನ ರೋಗವನ್ನೂ ಕೆದಕುತ್ತವೆ. ಮೋಡ ಕವಿದ ದಿನವೂ ಈ ಕಿರಣಗಳು ಬರುತ್ತವೆ. ಇವು ತೀಕ್ಷ್ಣವಾಗಿರುವ ಹೊತ್ತು ಬೆಳಿಗ್ಗೆ 10ರಿಂದ ಸಂಜೆ 4. ಅಂದರೆ ಹೆಚ್ಚುಕಡಿಮೆ ಶಾಲೆಯ ಹೊತ್ತು. ಕೊಡೆ, ತುಂಬು ತೋಳಿನ ಬಟ್ಟೆ, ತಲೆ ಮೇಲಿನ ಸೆರಗು, ಹೊರಡುವ ಮುಂಚೆ ಮತ್ತು ಎರಡು ತಾಸಿಗೊಮ್ಮೆ ಹಚ್ಚುವ ಸನ್‌ಸ್ಕ್ರೀನ್ ಇವು ಅಲಂಕಾರವಲ್ಲ, ಚಿಕಿತ್ಸೆಯ ಭಾಗ. ಇದು ಗೊತ್ತಿಲ್ಲದಿದ್ದರೆ ಶಾಲೆಯ ಆವರಣದಲ್ಲೂ ಕೊಡೆ ಹಿಡಿದವರನ್ನು ನೋಡಿ ನಗುವವರು ಇರುತ್ತಾರೆ. ಆಟೋಟ, ಪ್ರಭಾತ್‌ಫೇರಿ, ಸ್ವಾತಂತ್ರ್ಯೋತ್ಸವದ ಪಥಸಂಚಲನದ ತಾಲೀಮು ಇವುಗಳಲ್ಲಿ ಅವರಿಗೆ ನೆರಳಲ್ಲಿ ಮಾಡುವ ಜವಾಬ್ದಾರಿ ಕೊಡಬೇಕು: ನಿರೂಪಣೆ, ಅಂಕ ದಾಖಲೆ, ಹಾಡಿನ ತಯಾರಿ.

ಚಿಕಿತ್ಸೆಯ ದಾರಿಯೂ ದಿನಚರಿಯ ಭಾಗವೇ. ಲೂಪಸ್ ನೋಡುವವರು ಸಂಧಿವಾತ ತಜ್ಞರು, ಎಂದರೆ ರುಮಟಾಲಜಿಸ್ಟರು. ಅವರು ತಾಲ್ಲೂಕು ಮಟ್ಟದಲ್ಲಿ ಸಿಗುವುದು ಕಷ್ಟ. ಕಾಗವಾಡ, ಅಥಣಿ ಕಡೆಯವರು ಮಿರಜ-ಸಾಂಗ್ಲಿಗೆ, ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿ ಕಡೆಯವರು ಬೆಳಗಾವಿಗೆ ಹೋಗುವುದು ರೂಢಿ. ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದಲೂ ನಮ್ಮ ಭಾಗದ ಜನ ಆ ಕಡೆ ಹೊರಟವರು. ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗದಿಂದ ರೈಲು ಇದೆ. ಹೊರರೋಗಿ ವಿಭಾಗದಲ್ಲಿ ಚೀಟಿ, ರಕ್ತಪರೀಕ್ಷೆ, ವರದಿಗೆ ಕಾಯುವುದು, ಔಷಧಿ ಎಲ್ಲ ಮುಗಿಯುವಷ್ಟರಲ್ಲಿ ಇಡೀ ದಿನ ಹೋಗುತ್ತದೆ. ಔಷಧಿ ತಪ್ಪಿದರೆ ರೋಗ ಮರುಕಳಿಸುತ್ತದೆ; ಸ್ಟಿರಾಯ್ಡನ್ನು ತಾವಾಗಿಯೇ ಥಟ್ಟನೆ ನಿಲ್ಲಿಸುವುದಂತೂ ಅಪಾಯ. 2020ರ ಕೋವಿಡ್ ದಿನಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಎಲ್ಲರೂ ಮುಗಿಬಿದ್ದಾಗ, ಅದನ್ನೇ ನಂಬಿದ್ದ ಲೂಪಸ್ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಯಿತು.

ಹಾಜರಾತಿಯ ಗಣಿತ

ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್ 20 ವಾರ: ಮೊದಲ ವರ್ಷ 4, ಎರಡನೆಯ ವರ್ಷ 16. ತರಗತಿಗಳಿಗೆ ಶೇ. 80 ಹಾಜರಾತಿ ಸಾಕು, ಇಂಟರ್ನ್‌ಶಿಪ್‌ಗೆ ಶೇ. 90 ಬೇಕು. ವಾರಕ್ಕೆ 6 ದಿನದಂತೆ 16 ವಾರಕ್ಕೆ 96 ದಿನ. ಶೇ. 10 ಎಂದರೆ 9 ದಿನದ ಗೈರುಹಾಜರಿಗೆ ಅವಕಾಶ. ಹಬ್ಬದ ರಜೆಗಳನ್ನು ಕಳೆದರೆ ಇನ್ನೂ ಕಡಿಮೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋದರೆ 4 ದಿನ ಹೋಯಿತು, ಉಳಿದದ್ದು 5. ಲೂಪಸ್ ಒಮ್ಮೆ ಉಲ್ಬಣಿಸಿದರೆ ಒಂದು ವಾರ ಎಲ್ಲಿಗೂ ಸಾಲುವುದಿಲ್ಲ. ಎಷ್ಟೇ ಚೆನ್ನಾಗಿ ಪಾಠ ಮಾಡುವವರಾದರೂ ಈ ಲೆಕ್ಕದಲ್ಲಿ ಕೋರ್ಸು ಕಳೆದುಕೊಳ್ಳಬಹುದು.

ನಿಯಮವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ನಿಯಮದೊಳಗೆ ಮಾಡಬಹುದಾದ ಕೆಲಸ ಮಾತ್ರ ಸಾಕಷ್ಟಿದೆ. ಆಸ್ಪತ್ರೆಯ ಭೇಟಿಗಳನ್ನು ಆದಷ್ಟು ರಜಾ ದಿನಗಳ ಪಕ್ಕಕ್ಕೆ ಹೊಂದಿಸಲು ಪ್ರಶಿಕ್ಷಣಾರ್ಥಿಯ ಜೊತೆ ಕೂತು ಇಡೀ ಅವಧಿಯ ಕ್ಯಾಲೆಂಡರ್ ಮಾಡಬಹುದು. ತಪ್ಪಿದ ದಿನಗಳಿಗೆ ಬದಲಿ ದಿನ ಕೊಡಲು ಅಭ್ಯಾಸ ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ಮೊದಲೇ ಮಾತಾಡಬಹುದು. ಪ್ರಾಚಾರ್ಯರು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ವಿಶ್ವವಿದ್ಯಾಲಯಕ್ಕೆ ಇಂಟರ್ನ್‌ಶಿಪ್ ಆರಂಭದಲ್ಲೇ ಪತ್ರ ಬರೆಯಬಹುದು. ಕೊರತೆ ಬಿದ್ದ ಮೇಲೆ ಬರೆದ ಪತ್ರಕ್ಕೆ ಅಷ್ಟು ತೂಕ ಇರುವುದಿಲ್ಲ.

ಕಾನೂನಿನ ಆಸರೆಯನ್ನೂ ತಿಳಿದಿರಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಲೂಪಸ್ ಎಂಬ ಹೆಸರು ಇಲ್ಲ. ಆದರೆ ಲೂಪಸ್‌ನಿಂದಲೋ ಅದರ ಔಷಧಿಯಿಂದಲೋ ಸೊಂಟದ ಕೀಲು ಹಾಳಾಗಿ ನಡೆಯಲು ತೊಂದರೆಯಾದರೆ ಅಥವಾ ದೃಷ್ಟಿ ಕುಂದಿದರೆ, ಆ ತೊಂದರೆಯ ಆಧಾರದ ಮೇಲೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಅದೇ ಅಧಿನಿಯಮದಲ್ಲಿ ‘ಸೂಕ್ತ ಹೊಂದಾಣಿಕೆ’ ಎಂಬ ಪರಿಕಲ್ಪನೆ ಇದೆ: ಸಂಸ್ಥೆಗೆ ಮಿತಿಮೀರಿದ ಹೊರೆಯಾಗದಂತೆ, ವ್ಯಕ್ತಿ ಇತರರಿಗೆ ಸಮನಾಗಿ ಭಾಗವಹಿಸಲು ಬೇಕಾದ ಬದಲಾವಣೆ ಮಾಡುವುದು. ಪ್ರಮಾಣಪತ್ರ ಇಲ್ಲದವರಿಗೂ ಇದೇ ಮನೋಭಾವದಿಂದ ನೆರಳಿನ ಕುರ್ಚಿ ಕೊಡುವುದಕ್ಕೆ ಯಾವ ಆದೇಶವೂ ಬೇಕಿಲ್ಲ.

ಮೇಲ್ವಿಚಾರಕರು ಮಾಡಬಹುದಾದ ಜೋಡಣೆಗಳು

1. ಪಾಠದ ಹೊತ್ತು. ನಮ್ಮ ಪ್ರಶಿಕ್ಷಣಾರ್ಥಿ ಹೇಳಿದ್ದು ಹೀಗೆ: “ಮುಂಜಾನೆ ಬೆರಳ ಮಡಚಾಕ ಬರೂದಿಲ್ರಿ ಸರ್, ಹನ್ನೊಂದ ಆದಮ್ಯಾಲ ಸಡಲ ಆಗತಾವ್ರಿ.” ಮೂರನೆಯ ಮತ್ತು ಐದನೆಯ ಪಿರಿಯಡ್ ಕೊಟ್ಟೆವು. ಯಾವ ಹೊತ್ತು ಅನುಕೂಲ ಎಂಬುದು ಒಬ್ಬೊಬ್ಬರಿಗೆ ಬೇರೆ, ಅವರನ್ನೇ ಕೇಳಬೇಕು.

2. ಕಪ್ಪು ಹಲಗೆ ಕಾರ್ಯ. ಸಮಾಜ ವಿಜ್ಞಾನದ ಪಾಠದಲ್ಲಿ ಅವರು ಮುಖ್ಯಾಂಶಗಳನ್ನು ಮೊದಲೇ ಬರೆದ ಪಟ್ಟಿಗಳನ್ನು ಹಲಗೆಗೆ ಅಂಟಿಸುತ್ತಿದ್ದರು; ಉಳಿದದ್ದನ್ನು ಮಕ್ಕಳೇ ಸರದಿಯಂತೆ ಬಂದು ಬರೆಯುತ್ತಿದ್ದರು. ಬೇರೊಂದು ಸಂದರ್ಭದಲ್ಲಿ ಬಂದ ವೀಕ್ಷಕರೊಬ್ಬರು ‘ಹಲಗೆ ಬಳಕೆ ಕಡಿಮೆ, ಉತ್ಸಾಹ ಸಾಲದು’ ಎಂದು ಷರಾ ಬರೆದಿದ್ದರು. ಹಲಗೆಯ ಮೇಲೆ ವಿಷಯ ಕ್ರಮವಾಗಿ, ಓದುವಂತೆ ಮೂಡಿತೇ ಎಂಬುದು ನೋಡಬೇಕಾದ ಅಂಶ. ಯಾರ ಕೈ ಬರೆಯಿತು ಎಂಬುದು ಎರಡನೆಯ ಮಾತು. ಅಂಕ ಕೊಡುವಾಗ ಕೌಶಲದ ಗುರಿಯನ್ನು ಅಳೆಯಬೇಕು.

3. ಕೂತು ಪಾಠ ಮಾಡುವುದು. ಪಾಠದ ನಡುವೆ ಸ್ಟೂಲಿನ ಮೇಲೆ ಕೂತರೆ ಅಂಕ ಕಳೆಯಬಾರದು. ಗುಂಪು ಚಟುವಟಿಕೆಯ ಹೊತ್ತಿನಲ್ಲಿ ಗುಂಪಿನ ನಾಯಕರೇ ಅವರ ಬಳಿಗೆ ಬಂದು ವರದಿ ಮಾಡುವಂತೆ ಯೋಜಿಸಬಹುದು.

4. ಬರವಣಿಗೆ. ಪಾಠಯೋಜನೆಗಳನ್ನು ಕೈಯಿಂದಲೇ ಬರೆಯಬೇಕೆಂಬ ರೂಢಿಯನ್ನು ಸಡಿಲಿಸಿ ಟೈಪ್ ಮಾಡಿದ್ದನ್ನು ಸ್ವೀಕರಿಸಬಹುದು. ಈಗ ಮೊಬೈಲಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರವಾಗುತ್ತದೆ.

5. ನೆನಪು ಮತ್ತು ಗಮನ. ಲೂಪಸ್ ಇರುವ ಹಲವರಿಗೆ ಕೆಲವೊಮ್ಮೆ ಪದ ನೆನಪಾಗುವುದಿಲ್ಲ, ಹೇಳುತ್ತಿದ್ದ ಮಾತಿನ ಎಳೆ ತಪ್ಪುತ್ತದೆ. ಇದು ತಯಾರಿಯ ಕೊರತೆಯಂತೆ ಕಾಣುತ್ತದೆ. ಕೈಯಲ್ಲಿ ಚಿಕ್ಕ ಚೀಟಿ ಇಟ್ಟುಕೊಳ್ಳಲು ಬಿಡಿ.

6. ಬದಲಿ ಪಾಠ. ಟೀಕಾ ಪಾಠ, ಅಂತಿಮ ಪಾಠಗಳಿಗೆ ಮೊದಲೇ ಒಂದು ಹೆಚ್ಚುವರಿ ದಿನಾಂಕ ಗುರುತಿಸಿಡಿ. ಬದಲಿ ದಿನ ಇದೆ ಎಂದು ಗೊತ್ತಿದ್ದರೆ ಮೊದಲ ದಿನದ ಆತಂಕ ಕಡಿಮೆಯಾಗುತ್ತದೆ. ನಮ್ಮಲ್ಲಿ ಅವರಿಗೆ ಅದನ್ನು ಬಳಸುವ ಪ್ರಸಂಗವೇ ಬರಲಿಲ್ಲ.

7. ಸೋಂಕಿನ ಎಚ್ಚರ. ಕೆಲವು ಔಷಧಿಗಳು ಸೋಂಕು ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ. ತರಗತಿಯಲ್ಲಿ ಯಾವ ಮಗುವಿಗಾದರೂ ಸೀತಾಳೆ ಸಿಡುಬು, ಅಂದರೆ ಜನ ‘ಅಮ್ಮ’ ಎನ್ನುವ ಚಿಕನ್‌ಪಾಕ್ಸ್ ಕಂಡರೆ, ಅವರಿಗೆ ಅದೇ ದಿನ ತಿಳಿಸಬೇಕು. ಅವರು ತಡಮಾಡದೆ ವೈದ್ಯರಿಗೆ ಫೋನ್ ಮಾಡುವುದು ಅಗತ್ಯ.

8. ಗೌಪ್ಯತೆ. ಯಾರಿಗೆ ಎಷ್ಟು ತಿಳಿಯಬೇಕು ಎಂಬುದನ್ನು ನಿರ್ಧರಿಸುವವರು ಅವರೇ. ನಮ್ಮ ಕಡೆ ಹುಡುಗಿಗೆ ‘ದೊಡ್ಡ ಬ್ಯಾನಿ’ ಇದೆ ಎಂಬ ಸುದ್ದಿ ಮದುವೆ ಮಾತಿನವರೆಗೆ ಹೋಗುತ್ತದೆ. ಜೋಡಣೆಯ ಪತ್ರದಲ್ಲಿ ರೋಗದ ಹೆಸರು ಬೇಕಿಲ್ಲ. ‘ವೈದ್ಯರ ಸಲಹೆಯಂತೆ ಬಿಸಿಲು ಮತ್ತು ದೀರ್ಘ ನಿಲುವು ತಪ್ಪಿಸುವುದು’ ಎಂದಿದ್ದರೆ ಸಾಕು.

ತರಗತಿಯಲ್ಲಿ ಲೂಪಸ್ ಇರುವ ಮಗು ಇದ್ದರೆ

ಲೂಪಸ್ ಇರುವ ನೂರು ಮಂದಿಯಲ್ಲಿ 10ರಿಂದ 20 ಮಂದಿಗೆ ಅದು 18 ವರ್ಷದೊಳಗೇ ಶುರುವಾಗುತ್ತದೆ. ಮಕ್ಕಳಲ್ಲಿ ಮೂತ್ರಪಿಂಡಕ್ಕೆ ತಗಲುವ ಸಾಧ್ಯತೆಯೂ ಹೆಚ್ಚು. ನಾನು ಕಂಡ ವಿದ್ಯಾರ್ಥಿನಿಗೆ ಸ್ಟಿರಾಯ್ಡಿನಿಂದ ಮುಖ ಊದಿತ್ತು, ಕೂದಲು ತೆಳುವಾಗಿತ್ತು. ಸಹಪಾಠಿಗಳು ಇಟ್ಟ ಅಡ್ಡಹೆಸರು ಅವಳನ್ನು ಎರಡು ವಾರ ಶಾಲೆಯಿಂದ ದೂರ ಇಟ್ಟಿತ್ತು. ಲೂಪಸ್ ಕ್ಯೂಓಎಲ್‌ನಲ್ಲಿ ‘ರೂಪದ ಬಗೆಗಿನ ಭಾವನೆ’ ಎಂಬ ವಿಭಾಗ ಯಾಕಿದೆ ಎಂಬುದು ಅಂಥ ಮಗುವನ್ನು ಕಂಡಾಗ ತಿಳಿಯುತ್ತದೆ.

ಅಂಥ ಮಗುವನ್ನು ಕಿಟಕಿಯ ಬಿಸಿಲಿನಿಂದ ದೂರ ಕೂರಿಸಿ. ನೀರು ಕುಡಿಯಲು, ಶೌಚಕ್ಕೆ ಹೋಗಲು ಕೇಳದೆಯೇ ಬಿಡಿ. ಬಿಸಿಯೂಟದಲ್ಲಿ ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿದ್ದರೆ ಉಪ್ಪಿನಕಾಯಿ, ಹಪ್ಪಳದ ಬಗ್ಗೆ ಅಡುಗೆಯವರಿಗೆ ತಿಳಿಸಿ. ಗೈರಾದ ದಿನಗಳ ಪಾಠವನ್ನು ಗೆಳತಿಯೊಬ್ಬಳ ಮೂಲಕ ಕಳಿಸಿ. ಜ್ವರ, ಮುಖ ಅಥವಾ ಕಾಲು ಬಾವು, ಎದೆನೋವು, ಫಿಟ್ಸ್ ಕಂಡರೆ ಕಾಯದೆ ಪಾಲಕರಿಗೆ ಹೇಳಿ, ಆಸ್ಪತ್ರೆಗೆ ಕಳಿಸಿ. ಯಾವುದೋ ಬೇರು, ಯಾವುದೋ ಪಥ್ಯದಿಂದ ವಾಸಿಯಾಗುತ್ತದೆ, ಗುಳಿಗೆ ಬಿಡಿ ಎಂಬ ಸಲಹೆ ಮಾತ್ರ ಶಿಕ್ಷಕರ ಬಾಯಿಂದ ಬರಬಾರದು. ಹಳ್ಳಿಯಲ್ಲಿ ಅಕ್ಕೋರು, ಗುರುಗಳು ಹೇಳಿದ ಮಾತಿಗೆ ವೈದ್ಯರ ಮಾತಿನಷ್ಟೇ ಬೆಲೆ ಇದೆ.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಅಭ್ಯಾಸ

ನಿಮ್ಮ ಮುಂದಿನ ಇಂಟರ್ನ್‌ಶಿಪ್ ಶಾಲೆಯ ವೇಳಾಪಟ್ಟಿಯನ್ನು ತೆಗೆದುಕೊಳ್ಳಿ. ಬಿಸಿಲಲ್ಲಿ ನಿಲ್ಲುವ ಒಟ್ಟು ನಿಮಿಷ, ಕೂರಲು ಅವಕಾಶವಿಲ್ಲದ ಒಟ್ಟು ನಿಮಿಷ, ಬರೆಯುವ ಒಟ್ಟು ಪುಟ ಇವನ್ನು ಒಂದು ವಾರ ಲೆಕ್ಕ ಹಾಕಿ. ಇವುಗಳಲ್ಲಿ ಮಕ್ಕಳ ಕಲಿಕೆಗೆ ಅಗತ್ಯವಾದದ್ದು ಯಾವುದು, ರೂಢಿಯಿಂದ ನಡೆದುಬಂದದ್ದು ಯಾವುದು ಎಂದು ಎರಡು ಅಂಕಣಗಳಲ್ಲಿ ಬರೆಯಿರಿ. ಎರಡನೆಯ ಅಂಕಣದಲ್ಲಿ ಬಂದವುಗಳನ್ನು ಬದಲಿಸಲು ಯಾರ ಒಪ್ಪಿಗೆ ಬೇಕು ಎಂಬುದನ್ನೂ ಗುರುತಿಸಿ ನಿಮ್ಮ ಮೇಲ್ವಿಚಾರಕರಿಗೆ ಕೊಡಿ. ನಮ್ಮ ಕಾಲೇಜಿನಲ್ಲಿ ಈ ಪಟ್ಟಿಗಳನ್ನು ಇಟ್ಟುಕೊಂಡು ಮುಂದಿನ ವರ್ಷದ ಶಾಲಾ ಹಂಚಿಕೆ ಮಾಡುತ್ತಿದ್ದೇವೆ. ಲೂಪಸ್ ಇರುವವರು ಈ ಸಲ ತಮ್ಮ ಕಾಯಿಲೆಯನ್ನು ಹೇಳಿಕೊಳ್ಳದಿದ್ದರೂ, ಅವರಿಗೆ ನೆರಳಲ್ಲೊಂದು ಕುರ್ಚಿ ಸಿಗುವಂತಾಗುತ್ತದೆ.